ಹಳೆಯ ಟೈಪ್‌ರೈಟರ್ ಮನೆಯಲ್ಲೇ ಸರಿಮಾಡುವುದು: ಎಣ್ಣೆ ಡಬ್ಬಿ ಕೊನೆಗೆ ತೆಗೆಯಿರಿ

ಟೈಪ್‌ರೈಟರ್ ಸರಿಮಾಡಲು ಹೋಗಿ ಸೋತವರ ಕಥೆ ಹೆಚ್ಚುಕಡಿಮೆ ಒಂದೇ. ಅಟ್ಟದಿಂದ ಮೆಷಿನ್ ಇಳಿಸುತ್ತಾರೆ. ಕೀ ಒತ್ತಿದರೆ ಅಕ್ಷರದ ಕಡ್ಡಿ ಅರ್ಧಕ್ಕೇ ನಿಲ್ಲುತ್ತದೆ. ಕೈಗೆ ಸಿಕ್ಕ ಎಣ್ಣೆ ಬಿಡುತ್ತಾರೆ. ಎರಡು ದಿನ ಸರಾಗವಾಗಿ ಓಡುತ್ತದೆ. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಇನ್ನಷ್ಟು ಎಣ್ಣೆ, ಆಮೇಲೆ ಇಕ್ಕಳ, ಆಮೇಲೆ ಗುಜರಿ.

ಕೆಲಸದ ಸರದಿ ತಪ್ಪುವುದರಿಂದಲೇ ಹೀಗಾಗುತ್ತದೆ. ಮೊದಲು ಪರೀಕ್ಷೆ. ಆಮೇಲೆ ಒಣ ಬ್ರಷ್. ಅದಾದ ಮೇಲೆ ಕೊಳೆ ಕರಗಿಸುವ ದ್ರವ. ಆಗಲೂ ಉಳಿದ ದೋಷಕ್ಕೆ ಮಾತ್ರ ರಿಪೇರಿ. ನಂತರ ಹನಿ ಎಣ್ಣೆ, ಎಲ್ಲಕ್ಕಿಂತ ಕೊನೆಗೆ ಇಂಕಿನ ಪಟ್ಟಿ, ಅಂದರೆ ರಿಬ್ಬನ್. ಕೆಟ್ಟಿದೆ ಅಂದುಕೊಂಡ ಬಹಳಷ್ಟು ಮೆಷಿನ್‌ಗಳು ಬರೀ ಕೊಳೆಯಾಗಿರುತ್ತವೆ. ಹಾಗಾಗಿ ತೊಳೆಯುವ ಮೊದಲು ಸ್ಕ್ರೂ ತಿರುಗಿಸಬೇಡಿ.

ನಮ್ಮ ಕಚೇರಿಗಳಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಇದ್ದ ರೆಮಿಂಗ್ಟನ್, ಗೋದ್ರೇಜ್, ಹಾಲ್ಡಾದಂಥ ದೊಡ್ಡ ಮೆಷಿನ್‌ಗಳಿಗೂ ಪೆಟ್ಟಿಗೆಯೊಳಗೆ ಬರುವ ಪೋರ್ಟಬಲ್‌ಗಳಿಗೂ ಈ ಕ್ರಮ ಹೊಂದುತ್ತದೆ. ಕನ್ನಡ ಮೆಷಿನ್ ಆದರೆ ಎಲ್ಲಿ ಬೇರೆ ಎಚ್ಚರ ಬೇಕು ಅನ್ನುವುದನ್ನು ಆಯಾ ಜಾಗದಲ್ಲೇ ಹೇಳಿದ್ದೇನೆ. ಕರೆಂಟಿನಿಂದ ಓಡುವ ಮೆಷಿನ್‌ಗೆ ಇದು ಹೊಂದುವುದಿಲ್ಲ.

## ಬೇಕಾದ ಸಾಮಾನು

ಬಾಯಿ ಚಪ್ಪಟೆಯಿರುವ ಸ್ಕ್ರೂಡ್ರೈವರ್ ಮೂರು ಅಳತೆಯವು ಬೇಕು. ಹಳೆಯ ಮೆಷಿನ್‌ಗಳಲ್ಲಿ ಬಹುತೇಕ ಎಲ್ಲವೂ ಒಂದೇ ಗೀರಿನ ಸ್ಕ್ರೂ. ಸ್ಕ್ರೂಡ್ರೈವರ್ ಬಾಯಿ ಆ ಗೀರನ್ನು ಪೂರ್ತಿ ತುಂಬಬೇಕು. ಸಣ್ಣದನ್ನು ಹಾಕಿ ಒತ್ತಿದರೆ ಗೀರು ಹರಿದುಹೋಗುತ್ತದೆ, ಆಮೇಲೆ ಆ ಸ್ಕ್ರೂ ಯಾರ ಕೈಯಲ್ಲೂ ಬಿಚ್ಚುವುದಿಲ್ಲ.

ಇದರ ಜೊತೆಗೆ ಅಗಲವಾದ ಮೆತ್ತನೆ ಪೇಂಟ್ ಬ್ರಷ್, ಎರಡು ಮೂರು ಹಳೆಯ ಹಲ್ಲುಜ್ಜುವ ಬ್ರಷ್, ಚಿಮುಟ, ಹೊಲಿಗೆ ಸೂಜಿ ಅಥವಾ ಬಿದಿರಿನ ಟೂತ್‌ಪಿಕ್, ನೂಲು ಬಿಡದ ಹಳೆಯ ಪಂಚೆ ಬಟ್ಟೆ, ಟಾರ್ಚ್, ರಬ್ಬರ್ ಕೈಗವಸು. ಬ್ಲೋವರ್ ಇದ್ದರೆ ಅನುಕೂಲ.

ದ್ರವ ಎರಡು ಬಗೆಯದು. ಒಂದು, ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್. ಇದು ಗಟ್ಟಿಯಾದ ಹಳೆ ಎಣ್ಣೆ ಕರಗಿಸುತ್ತದೆ. ಇನ್ನೊಂದು ಐಸೊಪ್ರೊಪೈಲ್ ಆಲ್ಕೋಹಾಲ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಇದು ಬೇಗ ಆರುತ್ತದೆ, ಹಿಂದೆ ಜಿಡ್ಡು ಉಳಿಸುವುದಿಲ್ಲ. ಇವುಗಳ ಜೊತೆ ಹೊಲಿಗೆ ಮೆಷಿನ್ ಎಣ್ಣೆಯ ಒಂದು ಸಣ್ಣ ಬಾಟಲಿ. ಅದನ್ನು ಈಗಲೇ ಬೇರೆ ಕೋಣೆಯಲ್ಲಿ ಇಟ್ಟುಬಿಡಿ!

ಬೇಡದ್ದರ ಪಟ್ಟಿ ಇನ್ನೂ ಮುಖ್ಯ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ಸೀಮೆಎಣ್ಣೆ ಆರಿದ ಮೇಲೂ ಜಿಡ್ಡು ಬಿಡುತ್ತದೆ. ಪೇಂಟ್ ತಿನ್ನರ್ ಮೆಷಿನ್ನಿನ ಬಣ್ಣವನ್ನೂ ಪ್ಲಾಸ್ಟಿಕ್ ಕೀಗಳನ್ನೂ ತಿಂದುಹಾಕುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯಲ್ಲಿ ತೆಳು ಭಾಗ ಆರಿಹೋಗಿ ಎಣ್ಣೆ ಹಿಂದೆ ಉಳಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಬಾಟಲಿಯೊಳಗೆ ಬೆಳ್ಳಗೆ ಕೂತಿರುತ್ತದಲ್ವಾ, ಮೆಷಿನ್ ಒಳಗೂ ಹಾಗೇ ಕೂರುತ್ತದೆ.

## ಹಂತ 1: ಕೆಟ್ಟಿದೆಯಾ, ಬರೀ ಲಾಕ್ ಆಗಿದೆಯಾ?

ಏನನ್ನೂ ಬಿಚ್ಚುವ ಮೊದಲು ಈ ಸುಳ್ಳು ದೋಷಗಳನ್ನು ನೋಡಿ.

ಕ್ಯಾರೇಜ್, ಅಂದರೆ ಪೇಪರ್ ಹಿಡಿದು ಆಚೀಚೆ ಸರಿಯುವ ಮೇಲಿನ ಭಾಗ, ಅಲುಗಾಡುತ್ತಿಲ್ಲವೇ? ಪೋರ್ಟಬಲ್‌ಗಳಲ್ಲಿ ಸಾಗಿಸುವಾಗ ಕ್ಯಾರೇಜ್ ಓಡದಂತೆ ಹಿಡಿಯುವ ಲಾಕ್ ಇರುತ್ತದೆ. ಕ್ಯಾರೇಜಿನ ಅಂಚಿನಲ್ಲಿ ಅಥವಾ ಹಿಂಬದಿಯಲ್ಲಿ ಸಣ್ಣ ಲಿವರ್ ಹುಡುಕಿ. ದೊಡ್ಡ ಮೆಷಿನ್ ಆದರೆ ಸಾಲಿನ ಶುರು, ಕೊನೆಯಲ್ಲಿ ಕ್ಯಾರೇಜ್ ತಡೆಯುವ ಎರಡೂ ಮಾರ್ಜಿನ್ ಸ್ಟಾಪ್‌ಗಳನ್ನು ಯಾರೋ ಮಧ್ಯಕ್ಕೆ ತಂದಿಟ್ಟಿರಬಹುದು. ಅವನ್ನು ಎರಡು ತುದಿಗೆ ಸರಿಸಿ.

ಅಚ್ಚು ಬೀಳುತ್ತದೆ, ಇಂಕು ಕಾಣುವುದಿಲ್ಲವೇ? ರಿಬ್ಬನ್ ಬಣ್ಣ ಬದಲಿಸುವ ಲಿವರ್ ನೋಡಿ. ಕಪ್ಪು, ಕೆಂಪು ಗುರುತಿನ ಜೊತೆ ಬಿಳಿ ಗುರುತೊಂದು ಇದ್ದರೆ ಅದು ಸ್ಟೆನ್ಸಿಲ್, ಅಂದರೆ ಪ್ರತಿ ತೆಗೆಯುವ ಮೇಣದ ಹಾಳೆ, ಕತ್ತರಿಸಲು. ಲಿವರ್ ಅಲ್ಲಿದ್ದಾಗ ರಿಬ್ಬನ್ ಮೇಲೇಳುವುದೇ ಇಲ್ಲ. ಕಪ್ಪಿಗೆ ತನ್ನಿ.

ಸಾಲಿನ ಕೊನೆಯಲ್ಲಿ ಕೀಗಳು ಗಟ್ಟಿಯಾಗುತ್ತವೆಯೇ? ಮಾರ್ಜಿನ್ ಬಂದಿದೆ ಅಷ್ಟೇ. ಕ್ಯಾರೇಜನ್ನು ವಾಪಸ್ ತಳ್ಳಿ.

ಕನ್ನಡ ಮೆಷಿನ್ ಕೊಂಡವರು ಹೆಚ್ಚು ಗಾಬರಿಯಾಗುವುದು ಒಂದೇ ವಿಷಯಕ್ಕೆ: ಕೆಲವು ಕೀ ಒತ್ತಿದರೆ ಅಚ್ಚು ಬೀಳುತ್ತದೆ, ಕ್ಯಾರೇಜ್ ಮುಂದೆ ಹೋಗುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ. ಅಕ್ಷರದ ಜೊತೆಗೇ ಕೂರಬೇಕಾದ ಚಿಹ್ನೆಗಳು ಜಾಗ ಬದಲಿಸದೆ ಬೀಳಬೇಕು. ಇವನ್ನು ಡೆಡ್ ಕೀ ಅನ್ನುತ್ತಾರೆ. ಯಾವ ಯಾವ ಕೀ ಹಾಗಿವೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದೆ ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

## ಹಂತ 2: ಜಾಗ ಮತ್ತು ಎತ್ತುವ ರೀತಿ

ದೊಡ್ಡ ಮೆಷಿನ್ ಹತ್ತು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಕ್ಯಾರೇಜ್ ಹಿಡಿದು ಎತ್ತಲೇಬೇಡಿ. ಅದು ಸಣ್ಣ ಗುಂಡುಗಳ ಮೇಲೆ ಜಾರುವ ಭಾಗ. ಬಾಗಿದರೆ ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಮಾರ್ಜಿನ್ ಸ್ಟಾಪ್ ಎರಡನ್ನೂ ಮಧ್ಯಕ್ಕೆ ತಂದು ಕ್ಯಾರೇಜ್ ನಿಲ್ಲಿಸಿ, ಕೆಳಗಿನ ಚೌಕಟ್ಟಿಗೆ ಎರಡೂ ಕೈ ಹಾಕಿ ಎತ್ತಿ.

ಕಿಟಕಿ ತೆರೆದ ಜಾಗ ಬೇಕು. ಟರ್ಪೆಂಟೈನ್, ಐಪಿಎ ಎರಡಕ್ಕೂ ಬೆಂಕಿ ಹತ್ತುತ್ತದೆ. ಪಕ್ಕದಲ್ಲಿ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು. ಮೇಜಿನ ಮೇಲೆ ದಪ್ಪ ಹಳೆಯ ಟವೆಲ್ ಹಾಸಿ, ಅದರ ಮೇಲೆ ಪೇಪರ್.

ಈಗ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ರಿಬ್ಬನ್ ಹಾದುಹೋಗುವ ದಾರಿ, ಹಿಂಬದಿಯ ಸ್ಪ್ರಿಂಗ್ ಡ್ರಮ್ (ಕ್ಯಾರೇಜ್ ಎಳೆಯುವ ದುಂಡನೆ ಡಬ್ಬಿ), ಅದರ ದಾರ ಇವುಗಳನ್ನು ಹತ್ತಿರದಿಂದ ತೆಗೆಯಿರಿ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಮೊಟ್ಟೆ ಟ್ರೇಯ ಒಂದೊಂದು ಗುಳಿಯಲ್ಲಿ ಹಾಕಿ ಚೀಟಿ ಇಡಿ. ಎರಡು ಸ್ಕ್ರೂ ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಯಾವುದೋ ಲಿವರ್‌ಗೆ ತಾಗಿ ಹೊಸ ತಕರಾರು ಶುರು.

## ಹಂತ 3: ಒಣ ಧೂಳು

ಹಳೆಯ ರಿಬ್ಬನ್ ಅನ್ನು ಅದು ಸುತ್ತಿರುವ ಸ್ಪೂಲ್ ಸಮೇತ ತೆಗೆದಿಡಿ. ಸ್ಪೂಲ್ ಎಸೆಯಬೇಡಿ, ಮುಂದೆ ಬೇಕಾಗುತ್ತದೆ. ಮೇಲಿನ ಮುಚ್ಚಳ ತೆಗೆಯಿರಿ.

ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ಒದ್ದೆ ಬಟ್ಟೆ ಈಗಲೇ ತಂದರೆ ಧೂಳು ಕೆಸರಾಗುತ್ತದೆ. ಒಳಗೆ ಏನೇನು ಸಿಗುತ್ತದೋ ಹೇಳಲಾಗದು: ಜೇಡರ ಬಲೆ, ಜಿರಲೆ ಮೊಟ್ಟೆ, ಗುಂಡುಪಿನ್ನು, ಸ್ಟೇಪಲ್ ಪಿನ್ನು. ಜಾಸ್ತಿ ಸಿಗುವುದು ರಬ್ಬರ್ ಪುಡಿ. ಅಳಿಸುವ ಮುಂಚೆ ಕ್ಯಾರೇಜನ್ನು ಪಕ್ಕಕ್ಕೆ ಸರಿಸಬೇಕು ಅಂತ ಟೈಪಿಂಗ್ ಕಲಿಸುವವರು ಹೇಳುತ್ತಿದ್ದದ್ದು ಈ ಪುಡಿ ಅಕ್ಷರದ ಕಡ್ಡಿಗಳ ಸಂದಿಗೆ ಬೀಳದಿರಲಿ ಅಂತ. ಕಚೇರಿಯ ಗಡಿಬಿಡಿಯಲ್ಲಿ ಅದನ್ನು ಎಲ್ಲರೂ ಪಾಲಿಸಿದ ಹಾಗೆ ಕಾಣುವುದಿಲ್ಲ.

ಬ್ಲೋವರ್ ಬಳಸಿದರೆ ದೂರದಿಂದ, ಮೆಲ್ಲಗೆ. ಸಣ್ಣ ಸ್ಪ್ರಿಂಗ್ ಹಾರಿಹೋದರೆ ಹುಡುಕುವುದು ಕಷ್ಟ. ವ್ಯಾಕ್ಯೂಮ್ ಕ್ಲೀನರ್ ಆದರೆ ಬಾಯಿಗೆ ತೆಳು ಬಟ್ಟೆ ಕಟ್ಟಿ.

## ಹಂತ 4: ಟೈಪ್‌ಬಾರ್‌ಗಳ ಬುಡ

ಇದೇ ಇಡೀ ಕೆಲಸದ ಜೀವಾಳ. ಆತುರ ಬೇಡ.

ಕೀಗಳ ಹಿಂದೆ ಅಕ್ಷರದ ಕಡ್ಡಿಗಳು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತವೆ. ಅವೇ ಟೈಪ್‌ಬಾರ್. ಅವುಗಳ ಬುಡ ಅರ್ಧಚಂದ್ರದ ಆಕಾರದ ಲೋಹದ ತುಂಡಿನಲ್ಲಿ ಸೇರಿರುತ್ತದೆ. ಅದು ಸೆಗ್ಮೆಂಟ್. ಪ್ರತಿ ಕಡ್ಡಿಗೂ ಅದರಲ್ಲಿ ಒಂದೊಂದು ಸೀಳು. ಸೀಳಿಗೂ ಕಡ್ಡಿಗೂ ನಡುವೆ ಬಹಳ ಕಡಿಮೆ ಜಾಗ. ಅಲ್ಲಿಗೆ ಎಣ್ಣೆ ಬಿಟ್ಟರೆ ಧೂಳು, ಇಂಕು, ರಬ್ಬರ್ ಪುಡಿ ಎಲ್ಲ ಅದರಲ್ಲಿ ಕಲಸಿ ಅಂಟಾಗುತ್ತದೆ. ಮೇಲೆದ್ದ ಕಡ್ಡಿ ಬಹುತೇಕ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಅಂಟು ಅದನ್ನು ಬಿಡುವುದಿಲ್ಲ. ಆದ್ದರಿಂದ ಸೆಗ್ಮೆಂಟ್‌ಗೆ ಎಣ್ಣೆ ಬೇಡ. ಈಗಲೂ ಬೇಡ, ಕೊನೆಗೂ ಬೇಡ. ಅದು ಒಣಗಿಯೇ ಓಡಬೇಕು.

ಮೆಷಿನ್ ಕೆಳಗೆ ಹಳೆ ತಟ್ಟೆ ಅಥವಾ ದಪ್ಪಗೆ ಪೇಪರ್ ಇಡಿ. ಕೀಗಳ ಮೇಲೆ ಬಟ್ಟೆ ಮುಚ್ಚಿ. ಹಲ್ಲುಜ್ಜುವ ಬ್ರಷ್ ಅನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಸೀಳುಗಳ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಒಂದು ಸೀಳಿನ ಕೊಳೆ ಪಕ್ಕದ ಸೀಳಿಗೆ ಹೋಗುತ್ತದೆ. ನಾಲ್ಕೈದು ಕಡ್ಡಿಗಳನ್ನು ಬೆರಳಿನಿಂದ ಎತ್ತಿ ಹಿಡಿದು, ಕೆಳಗಿನ ಭಾಗಕ್ಕೂ ಬ್ರಷ್ ತಾಗಿಸಿ. ಆಮೇಲೆ ಆ ಕೀಗಳನ್ನು ಇಪ್ಪತ್ತು ಸಲವಾದರೂ ಒತ್ತಿ ಬಿಡಿ. ಒಳಗಿನ ಕಪ್ಪು ನೀರು ಹೊರಗೆ ಬರುತ್ತದೆ. ಒರೆಸಿ, ಮತ್ತೆ ಉಜ್ಜಿ.

ಬ್ರಷ್ ಬಣ್ಣ ತಿರುಗುವುದು ನಿಂತ ಮೇಲೆ ಇನ್ನೊಂದು ಬ್ರಷ್‌ನಿಂದ ಐಪಿಎ ಹಚ್ಚಿ ತೊಳೆಯಿರಿ. ಟರ್ಪೆಂಟೈನ್ ಉಳಿಸಿದ ತೆಳು ಜಿಡ್ಡು ಇದರಿಂದ ಹೋಗುತ್ತದೆ. ಐಪಿಎ ಹೊರಗಿನ ಬಣ್ಣಕ್ಕೆ, ಕಂಪನಿಯ ಹೆಸರಿನ ಸ್ಟಿಕ್ಕರ್‌ಗೆ ತಾಗದಿರಲಿ. ಕೆಲವು ಹಳೆಯ ಬಣ್ಣ ಅದಕ್ಕೆ ಕರಗುತ್ತದೆ.

ಪೂರ್ತಿ ಆರಿದ ಮೇಲೆ ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಅರ್ಧ ಎತ್ತಿ ಬಿಡಿ. ತಾನಾಗಿ ಕೆಳಗೆ ಬೀಳಬೇಕು. ಎಲ್ಲ ಕಡ್ಡಿಗಳೂ ನಿಧಾನವಾಗಿದ್ದರೆ ಕೊಳೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಹಳೆ ಎಣ್ಣೆ ಕುಡಿದ ಮೆಷಿನ್‌ಗೆ ಒಂದು ಸಲ ಸಾಲುವುದೇ ಇಲ್ಲ. ಒಂದೇ ಕಡ್ಡಿ ಸಿಕ್ಕಿಕೊಳ್ಳುತ್ತಿದ್ದರೆ ಕಾರಣ ಬೇರೆ. ಪಕ್ಕದ ಕಡ್ಡಿಗೆ ತಾಗುತ್ತಿದೆಯೇ, ಸೀಳಿನಲ್ಲಿ ಪಿನ್ನು ಇದೆಯೇ, ಕೆಳಗೆ ಆ ಕೀಯ ಸ್ಪ್ರಿಂಗ್ ಕಳಚಿದೆಯೇ ಟಾರ್ಚ್ ಹಾಕಿ ನೋಡಿ. ಬಾಗಿದ ಕಡ್ಡಿಯನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡುವ ಆಸೆ ಬೇಡ. ಕೂದಲೆಳೆ ತಪ್ಪಿದರೂ ಆ ಅಕ್ಷರ ಸಾಲಿನಿಂದ ಆಚೆ ಬೀಳುತ್ತದೆ.

## ಹಂತ 5: ಅಚ್ಚಿನ ಮುಖ

ಕಡ್ಡಿಯ ತುದಿಯ ಅಕ್ಷರಗಳಲ್ಲಿ ಹಳೆಯ ಇಂಕು ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೇ e, o, a ಟೈಪ್ ಮಾಡಿದಾಗ ಹೊಟ್ಟೆ ತುಂಬಿದ ಕಪ್ಪು ಚುಕ್ಕೆಯಾಗಿ ಬೀಳುತ್ತವೆ. ಕನ್ನಡದಲ್ಲಿ ಸುತ್ತು ಜಾಸ್ತಿ. ಠ, ಥ, ಧ, ಭ, ಸೊನ್ನೆ ಎಲ್ಲವೂ ತುಂಬಿಕೊಳ್ಳುತ್ತವೆ. ಥ ಯಾವುದು ಧ ಯಾವುದು ಗೊತ್ತಾಗದ ಹಾಗೆ ಆಗಿರುತ್ತದೆ.

ಟರ್ಪೆಂಟೈನ್ ಹಚ್ಚಿದ ಬ್ರಷ್‌ನಿಂದ ಉಜ್ಜಿ, ಹತ್ತು ನಿಮಿಷ ನೆನೆಯಲು ಬಿಡಿ. ಉಳಿದದ್ದನ್ನು ಟೂತ್‌ಪಿಕ್‌ನಿಂದ ಬಿಡಿಸಿ. ಬಗ್ಗದಿದ್ದರೆ ಮಾತ್ರ ಸೂಜಿ, ಅದೂ ಗೀಚದೆ. ಉಜ್ಜುವಾಗ ಕಡ್ಡಿಗಳ ಕೆಳಗೆ ಬಟ್ಟೆ ಇಡಿ, ಬಿಟ್ಟ ಇಂಕು ಈಗಷ್ಟೇ ತೊಳೆದ ಸೆಗ್ಮೆಂಟ್‌ಗೆ ಹೋಗಬಾರದು.

## ಹಂತ 6: ರೋಲರ್

ಪೇಪರ್ ಸುತ್ತುವ ಕಪ್ಪು ರಬ್ಬರ್ ರೋಲರ್‌ಗೆ ಎಣ್ಣೆ ತಾಗಲೇಬಾರದು. ಐಪಿಎ ಒದ್ದೆ ಮಾಡಿದ ಬಟ್ಟೆಯಿಂದ ತಿರುಗಿಸುತ್ತಾ ಒರೆಸಿ. ಕೆಳಗೆ ಪೇಪರ್ ಹಿಡಿಯುವ ಸಣ್ಣ ರೋಲರ್‌ಗಳನ್ನೂ ಬಿಡಬೇಡಿ. ಪೇಪರ್ ಸೊಟ್ಟಗೆ ಹೋಗುವುದು ಬಹಳ ಸಲ ಅವುಗಳ ಜಾರಿಕೆಯಿಂದ.

ರಬ್ಬರ್‌ಗೆ ಉಗುರು ಒತ್ತಿ ನೋಡಿ. ಸ್ವಲ್ಪವೂ ಒಳಗೆ ಹೋಗದೆ ಕಲ್ಲಿನ ಹಾಗಿದ್ದರೆ ಅದು ವಯಸ್ಸಾಗಿ ಗಟ್ಟಿಯಾಗಿದೆ. ಆಗ ಸದ್ದು ಜೋರಾಗುತ್ತದೆ, ಫುಲ್‌ಸ್ಟಾಪ್ ಒತ್ತಿದರೆ ಪೇಪರ್ ತೂತಾಗುತ್ತದೆ. ರಬ್ಬರ್ ಹೊಸದಾಗಿ ಹಾಕಿಸುವುದು ಮನೆಯ ಕೆಲಸವಲ್ಲ. ಟೈಪ್ ಮಾಡುವ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಟ್ಟರೆ ಸದ್ಯಕ್ಕೆ ಸಾಕು. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಮೆತ್ತಗೆ ಮಾಡುತ್ತೇವೆ ಅನ್ನುವವರಿದ್ದಾರೆ. ಒರಟು ಬರಬಹುದು, ಮೆತ್ತಗೆ ಆಗುವುದಿಲ್ಲ. ಕೈ ಅಳತೆ ತಪ್ಪಿದರೆ ರೋಲರ್ ಗುಂಡಗೇ ಉಳಿಯುವುದಿಲ್ಲ.

## ಹಂತ 7: ಕ್ಯಾರೇಜ್ ಎಳೆಯುವ ದಾರ

ಕ್ಯಾರೇಜ್ ಕೈಯಿಂದ ತಳ್ಳಿದರೆ ಎರಡೂ ಕಡೆ ಹೋಗುತ್ತದೆ, ಟೈಪ್ ಮಾಡಿದರೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಒಂದರ ಮೇಲೊಂದು ಅಕ್ಷರ ಬೀಳುತ್ತದೆ. ಹೀಗಿದ್ದರೆ ಮೊದಲ ಅನುಮಾನ ದಾರದ ಮೇಲೆ.

ಮೆಷಿನ್ನಿನ ಹಿಂದೆ, ಸಾಮಾನ್ಯವಾಗಿ ಎಡಗಡೆ, ಒಂದು ದುಂಡನೆ ಡ್ರಮ್ ಇರುತ್ತದೆ. ಒಳಗೆ ಸುರುಳಿ ಸ್ಪ್ರಿಂಗ್. ಅದರಿಂದ ಹೊರಟ ದಾರ ಅಥವಾ ಪಟ್ಟಿ ಕ್ಯಾರೇಜಿನ ಕೊಕ್ಕೆಗೆ ಸಿಕ್ಕಿರುತ್ತದೆ. ಪ್ರತಿ ಅಕ್ಷರಕ್ಕೂ ಕ್ಯಾರೇಜನ್ನು ಎಡಕ್ಕೆ ಎಳೆಯುವುದು ಇದೇ.

ದಾರ ಕೊಕ್ಕೆಯಿಂದ ಕಳಚಿದ್ದರೆ ಅದನ್ನೇ ಮತ್ತೆ ಹಾಕಬಹುದು. ತುಂಡಾಗಿದ್ದರೆ ಮೀನು ಹಿಡಿಯುವವರ ಹೆಣೆದ ನೈಲಾನ್ ದಾರ ಚೆನ್ನಾಗಿ ಬರುತ್ತದೆ. ಹಿಗ್ಗುವ ದಾರ, ಹೂ ಕಟ್ಟುವ ನೂಲು ಬೇಡ. ಉದ್ದವನ್ನು ಹಳೆಯ ತುಂಡುಗಳನ್ನು ಸೇರಿಸಿ ಅಳೆಯಿರಿ.

ಕ್ರಮ ಹೀಗೆ. ಕ್ಯಾರೇಜನ್ನು ಎಡ ತುದಿಗೆ ತನ್ನಿ. ದಾರದ ಒಂದು ತುದಿ ಡ್ರಮ್‌ಗೆ ಕಟ್ಟಿ, ಹಳೆಯದು ಸುತ್ತಿದ್ದ ದಿಕ್ಕಿನಲ್ಲೇ ಸುತ್ತಿ. ನೀವು ತೆಗೆದ ಫೋಟೊ ಈಗ ಉಪಯೋಗಕ್ಕೆ ಬರುತ್ತದೆ. ಡ್ರಮ್ ಅನ್ನು ಸ್ಪ್ರಿಂಗ್ ಬಿಗಿಯಾಗುವ ಕಡೆಗೆ ಮೂರು ನಾಲ್ಕು ಸುತ್ತು ತಿರುಗಿಸಿ, ಹಾಗೇ ಹಿಡಿದುಕೊಂಡು ಇನ್ನೊಂದು ತುದಿಯನ್ನು ಕ್ಯಾರೇಜಿಗೆ ಸಿಕ್ಕಿಸಿ. ಇದಕ್ಕೆ ಇನ್ನೊಬ್ಬರ ಕೈ ಇದ್ದರೆ ಒಳ್ಳೆಯದು.

ಎಚ್ಚರಿಕೆ: ಬಿಗಿ ಮಾಡಿದ ಡ್ರಮ್ ಅನ್ನು ಅರ್ಧ ಕ್ಷಣವೂ ಬಿಡಬೇಡಿ. ಅದು ಗಿರ್ರನೆ ತಿರುಗಿ ಬೆರಳಿಗೆ ಹೊಡೆಯುತ್ತದೆ. ಒಳಗಿನ ಸ್ಪ್ರಿಂಗ್ ಕಿತ್ತುಹೋದರೂ ಹೋಯಿತು. ಡ್ರಮ್ಮಿನ ಮುಚ್ಚಳ ಬಿಚ್ಚುವ ಕುತೂಹಲವಂತೂ ಬೇಡವೇ ಬೇಡ.

ಬಿಗಿ ಸಾಕೋ ಇಲ್ಲವೋ ನೋಡಲು ಸಾಲಿನ ಕೊನೆಯವರೆಗೆ ಟೈಪ್ ಮಾಡಿ. ಎಳೆತ ಅಲ್ಲೇ ಅತಿ ಕಡಿಮೆ. ಅಲ್ಲೂ ಕ್ಯಾರೇಜ್ ಹೆಜ್ಜೆ ಇಟ್ಟರೆ ಸರಿ. ಇಡದಿದ್ದರೆ ಇನ್ನೊಂದು ಸುತ್ತು. ಸುಮ್ನೆ ಬಿಗಿ ಏರಿಸಿದರೆ ಕ್ಯಾರೇಜ್ ತಳ್ಳಲು ಕೈ ನೋಯುತ್ತದೆ, ಅಕ್ಷರಗಳೂ ಹಾರುತ್ತವೆ.

ದಾರ ಚೆನ್ನಾಗಿದ್ದೂ ಕ್ಯಾರೇಜ್ ನಿಲ್ಲುತ್ತಿದ್ದರೆ ಹಳಿಗಳಲ್ಲಿ ಕೊಳೆ. ಕ್ಯಾರೇಜನ್ನು ಒಂದು ತುದಿಗೆ ಸರಿಸಿ, ಕಾಣುವ ಹಳಿಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಇನ್ನೊಂದು ತುದಿಗೆ ಸರಿಸಿ ಹಾಗೇ ಮಾಡಿ. ಕ್ಯಾರೇಜ್ ಕಳಚುವುದು ಬೇಡ. ಒಳಗಿನ ಗುಂಡುಗಳು ಉದುರಿದರೆ ಮತ್ತೆ ಕೂರಿಸುವುದು ಹೊಸಬರಿಗೆ ಆಗದ ಕೆಲಸ.

## ಹಂತ 8: ಅಕ್ಷರ ಹಾರುವುದು

ಒಂದು ಅಕ್ಷರಕ್ಕೆ ಎರಡು ಜಾಗ ಹೋಗುತ್ತಿದ್ದರೆ ಯಾವ ಕೀಗೆ ಹಾಗಾಗುತ್ತಿದೆ ಅನ್ನುವುದನ್ನು ಮೊದಲು ಗಮನಿಸಿ. ಒಂದೇ ಕೀಗೆ ಆದರೆ ಆ ಕೀಯ ಜೋಡಣೆಯಲ್ಲಿ ದೋಷ. ಸ್ಪೇಸ್ ಬಾರ್‌ಗೆ ಮಾತ್ರ ಆದರೆ ಅದರ ಕೊಂಡಿಯಲ್ಲಿ. ಎಲ್ಲ ಕೀಗೂ ಆದರೆ ಕ್ಯಾರೇಜ್ ಕೆಳಗಿನ ಹಲ್ಲುಚಕ್ರದ ಹತ್ತಿರ. ಆ ಚಕ್ರವನ್ನು ಒಂದೊಂದೇ ಹಲ್ಲು ಬಿಡುವ ಎರಡು ಸಣ್ಣ ತುಂಡುಗಳು ಅಲ್ಲಿರುತ್ತವೆ. ಅವುಗಳಲ್ಲಿ ಒಂದು ಅಲುಗಾಡುವಂಥದ್ದು. ಅದಕ್ಕೆ ಜಿಡ್ಡು ಹಿಡಿದರೆ ಸಮಯಕ್ಕೆ ವಾಪಸ್ ಬರುವುದಿಲ್ಲ.

ಇಲ್ಲೂ ಮದ್ದು ಟರ್ಪೆಂಟೈನ್ ಬ್ರಷ್, ಆಮೇಲೆ ಐಪಿಎ. ಅಲ್ಲಿನ ಸ್ಕ್ರೂಗಳನ್ನು ಮುಟ್ಟಬೇಡಿ. ಹಲ್ಲುಗಳೇ ಸವೆದು ದುಂಡಗಾಗಿರುವುದು ಕಂಡರೆ ತೊಳೆದು ಪ್ರಯೋಜನವಿಲ್ಲ. ಇನ್ನೊಂದು ಮೆಷಿನ್ನಿನಿಂದ ಬಿಡಿಭಾಗ ತಂದು ಹಾಕಿಸಬೇಕು.

## ಹಂತ 9: ಈಗ ಎಣ್ಣೆ

ಬಾಟಲಿಯಿಂದ ನೇರ ಹಾಕಬೇಡಿ. ಸೂಜಿ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ಅದರಲ್ಲಿ ನಿಂತಷ್ಟು ಹನಿ ಸಾಕು. ಕ್ಯಾರೇಜ್ ಹಳಿಯ ಎರಡು ಮೂರು ಕಡೆ, ರೋಲರ್ ಎರಡು ತುದಿಯ ಲೋಹದ ಇರುಸು, ಸಾಲು ಬದಲಿಸುವ ಲಿವರ್ ತಿರುಗುವ ಜಾಗ, ಬೆಲ್ ಸುತ್ತಿಗೆಯ ಕೀಲು. ಮುಗಿಯಿತು. ಕ್ಯಾರೇಜನ್ನು ಹತ್ತಾರು ಸಲ ಆಚೀಚೆ ಓಡಿಸಿ, ಹೊರಗೆ ಕಂಡ ಎಣ್ಣೆ ಒರೆಸಿ. ಕಣ್ಣಿಗೆ ಕಾಣುವಷ್ಟು ಎಣ್ಣೆ ಎಂದರೆ ಅದು ಜಾಸ್ತಿಯಾಯಿತು ಅಂತಲೇ.

## ಹಂತ 10: ರಿಬ್ಬನ್

ಸಾಮಾನ್ಯ ರಿಬ್ಬನ್ ಅರ್ಧ ಇಂಚು ಅಗಲ. ಸ್ಪೂಲ್ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಹೊಸದರ ಸ್ಪೂಲ್ ಕೂರದಿದ್ದರೆ ಕೈಗವಸು ಹಾಕಿಕೊಂಡು ನಿಮ್ಮ ಹಳೆ ಸ್ಪೂಲ್‌ಗೆ ಸುತ್ತಿಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಕಡೆ ಹಳೆಯ ಸ್ಟೇಷನರಿ ಅಂಗಡಿಗಳಲ್ಲಿ ವಿಚಾರಿಸಿ. ಬೇರೆ ಊರಾದರೆ ಕೋರ್ಟ್ ಮುಂದೆ ಕೂತು ಅರ್ಜಿ ಟೈಪ್ ಮಾಡುವವರನ್ನು ಕೇಳಿ. ರಿಬ್ಬನ್ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಅನ್ನುವುದು ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರುವುದಿಲ್ಲ.

ಎರಡು ಬಣ್ಣದ ರಿಬ್ಬನ್ ಆದರೆ ಕಪ್ಪು ಮೇಲೆ, ಕೆಂಪು ಕೆಳಗೆ. ರಿಬ್ಬನ್ನಿನ ತುದಿಯ ಹತ್ತಿರ ಲೋಹದ ಸಣ್ಣ ರಿಂಗ್ ಇದ್ದರೆ ಅದನ್ನು ಕತ್ತರಿಸಿಹಾಕಬೇಡಿ. ಹಲವು ಮೆಷಿನ್‌ಗಳಲ್ಲಿ ಸ್ಪೂಲ್ ಖಾಲಿಯಾದಾಗ ದಿಕ್ಕು ಬದಲಿಸುವ ಲಿವರ್ ಅನ್ನು ತಳ್ಳುವುದು ಅದೇ ರಿಂಗ್. ಅದಿಲ್ಲದಿದ್ದರೆ ರಿಬ್ಬನ್ ಒಂದೇ ಕಡೆ ನಿಂತು ತೂತಾಗುತ್ತದೆ. ಒಣಗಿದ ರಿಬ್ಬನ್‌ಗೆ ಸ್ಟಾಂಪ್ ಪ್ಯಾಡ್ ಇಂಕು ಹಾಕುವ ಉಳಿತಾಯವೂ ಬೇಡ. ನೀರು ಬೆರೆತ ಇಂಕಾದರೆ ಬೇಗ ಆರುತ್ತದೆ, ಅಚ್ಚಿಗೆ ತುಕ್ಕೂ ಹಿಡಿಸಬಹುದು.

## ಹಂತ 11: ಸಾಲು ನೋಡುವುದು

ಶಿಫ್ಟ್ ಒತ್ತಿ ಒಂದು ಅಕ್ಷರ, ಬಿಟ್ಟು ಒಂದು ಅಕ್ಷರ, ಹೀಗೆ ಇಡೀ ಸಾಲು ಟೈಪ್ ಮಾಡಿ. ಇಂಗ್ಲಿಷ್ ಮೆಷಿನ್‌ನಲ್ಲಿ HnHnHn ಸಾಕು. ಕನ್ನಡದಲ್ಲಿ ಶಿಫ್ಟ್ ಮೇಲಿನ ಒಂದು ಅಕ್ಷರ, ಕೆಳಗಿನ ಒಂದು ಅಕ್ಷರ ಆರಿಸಿಕೊಳ್ಳಿ. ಎರಡರ ಬುಡ ಒಂದೇ ಗೆರೆಯ ಮೇಲೆ ಇರಬೇಕು. ಶಿಫ್ಟಿನವೆಲ್ಲ ಒಟ್ಟಾಗಿ ಮೇಲೆ ಅಥವಾ ಕೆಳಗೆ ಬೀಳುತ್ತಿದ್ದರೆ ಶಿಫ್ಟ್ ಹೋಗಿ ನಿಲ್ಲುವ ಜಾಗದಲ್ಲಿ ಕೊಳೆ ಇದೆಯೇ ಮತ್ತೊಮ್ಮೆ ನೋಡಿ. ಇಲ್ಲದಿದ್ದರೆ ಅಲ್ಲಿನ ಸ್ಕ್ರೂ ಮತ್ತು ನಟ್ ಜೋಡಿ ಹುಡುಕಿ. ಮೊದಲು ಸ್ಕ್ರೂ ಎಲ್ಲಿ ನಿಂತಿತ್ತು ಅನ್ನುವುದಕ್ಕೆ ಗುರುತು ಹಾಕಿ. ನಟ್ ಸಡಿಲಿಸಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ತಿರುಗಿಸಿ, ಟೈಪ್ ಮಾಡಿ ನೋಡಿ. ಒಂದೇ ಒಂದು ಅಕ್ಷರ ಮಾತ್ರ ಏರುಪೇರಾಗಿದ್ದರೆ ಈ ಸ್ಕ್ರೂ ಮುಟ್ಟಬೇಡಿ. ಆ ಅಚ್ಚೇ ಸರಿದಿದೆ.

## ಮೆಕ್ಯಾನಿಕ್ ಹತ್ತಿರ ಒಯ್ಯಬೇಕಾದದ್ದು ಯಾವಾಗ?

ಚೌಕಟ್ಟಿನಲ್ಲಿ ಬಿರುಕು ಕಂಡರೆ, ಅಚ್ಚು ಕಡ್ಡಿಯಿಂದ ಕಳಚಿಬಿದ್ದರೆ, ಡ್ರಮ್ಮಿನೊಳಗೆ ಸ್ಪ್ರಿಂಗ್ ತುಂಡಾಗಿ ಬಿಗಿಯೇ ಬರದಿದ್ದರೆ, ಹಲ್ಲುಚಕ್ರ ಸವೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಏನೇನು ಬಿಚ್ಚಿದ್ದೀರಿ ಅಂತ ಮೆಕ್ಯಾನಿಕ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ, ಫೋಟೊಗಳನ್ನೂ ತೋರಿಸಿ. ಅವರ ಅರ್ಧ ಸಮಯ ಉಳಿಯುತ್ತದೆ.

ಓಡುವ ಸ್ಥಿತಿಗೆ ಬಂದರೆ ಹೊರಮೈಯನ್ನು ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ಹೊಳಪಿನ ಲೋಹದ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಅತಿ ನಯವಾದ ಸ್ಟೀಲ್ ವುಲ್ ಬಳಸಬಹುದು. ಆದರೆ ಆ ಭಾಗವನ್ನು ಮೆಷಿನ್ನಿನಿಂದ ಬಿಚ್ಚಿ ಉಜ್ಜಿ. ಉದುರುವ ಉಕ್ಕಿನ ಎಳೆ ಒಳಗೆ ಬಿದ್ದರೆ ತೊಳೆದದ್ದೆಲ್ಲ ವ್ಯರ್ಥ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ಗಾಳಿಯಾಡುವ ಕಡೆ ಬಟ್ಟೆ ಹೊದಿಸಿ ಇಡಿ. ವಾರಕ್ಕೊಮ್ಮೆ ಎಲ್ಲ ಕೀಗಳನ್ನೂ ಒಂದು ಸಲ ಒತ್ತಿ.